ಧ್ವಜ ಮಡಚಿದ ಮೇಲೆ



ಸಕಲ ಮೃತರ ಸ್ಮರಣೆಯ ದಿನ, ನವೆಂಬರ್ 2, ಈ ವರ್ಷ ಭಾನುವಾರವೇ ಬರುತ್ತಿದೆ. ಸಮಾಧಿಗೆ ಸುಣ್ಣ ಬಳಿದು ಹೂವಿಡಲು ಈ ಸಲ ಕೂಲಿ ಬಿಡಬೇಕಾಗಿಲ್ಲ ಎಂದು ರಾಯದುರ್ಗದ ಗಾರ್ಮೆಂಟ್ಸಿಗೆ ಹೋಗುವ ನಮ್ಮ ಅಕ್ಕಂದಿರಿಗೆ ಸಮಾಧಾನ. ಆ ದಿನ ಒಬ್ಬ ಗುರು ಮೂರು ಬಲಿಪೂಜೆಗಳನ್ನು ಅರ್ಪಿಸಬಹುದು ಎಂಬುದು ನಿಮಗೆ ಗೊತ್ತೇ ಇದೆ. ಈ ಪದ್ಧತಿ ಎಲ್ಲಿಂದ ಬಂತು ಎಂದು ಯುವಕೂಟದಲ್ಲಿ ಕೇಳಿದಾಗ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಂಡರು.

ಅದು ಬಂದದ್ದು ಯುದ್ಧದಿಂದ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1915ರ ಆಗಸ್ಟ್ 10ರಂದು, ಪೋಪ್ ಹದಿನೈದನೇ ಬೆನೆಡಿಕ್ಟರು ಜಗತ್ತಿನ ಎಲ್ಲ ಗುರುಗಳಿಗೂ ಈ ಅನುಮತಿ ಕೊಟ್ಟರು. ಅದಕ್ಕೆ ಮೊದಲು ಸ್ಪೇನ್, ಪೋರ್ಚುಗಲ್ ಕಡೆಯವರಿಗೆ ಮಾತ್ರ ಇದ್ದ ಅವಕಾಶವದು. ಯೂರೋಪಿನ ಹೊಲಗದ್ದೆಗಳಲ್ಲಿ ದಿನಕ್ಕೆ ಸಾವಿರಾರು ಹುಡುಗರು ಬೀಳುತ್ತಿದ್ದರು. ಅವರಿಗೆ ಮಣ್ಣು ಹಾಕಲು ಸಂಬಂಧಿಕರಿರಲಿಲ್ಲ, ಹೆಸರು ಹೇಳಿ ಪ್ರಾರ್ಥಿಸಲು ಗುರುಗಳಿರಲಿಲ್ಲ. ಒಂದು ಬಲಿಪೂಜೆ ಸಾಲದು, ಮೂರು ಇರಲಿ ಎಂದರು ಪೋಪ್. ಅಂದರೆ ಮುಂದಿನ ಭಾನುವಾರ ನಮ್ಮ ಅಜ್ಜ ಅಜ್ಜಿಯರಿಗಾಗಿ ನಾವು ಬಲಿಪೂಜೆ ಕೇಳುವಾಗ, ಆ ಪೂಜೆಯ ಹಿಂದೆ ದೂರದೇಶದಲ್ಲಿ ಸತ್ತ ಸೈನಿಕರೂ ನಿಂತಿದ್ದಾರೆ.

ಅವರಲ್ಲಿ ನಮ್ಮ ದೇಶದವರೂ ಇದ್ದರು. ಆ ಯುದ್ಧಕ್ಕೆ ಹಡಗು ಹತ್ತಿದ ಭಾರತೀಯರು ಹತ್ತಿರ ಹತ್ತಿರ 13 ಲಕ್ಷ. ಸತ್ತವರು 74,000ದಷ್ಟು. ಫ್ರಾನ್ಸಿನ ನೆವ್ ಶಪೆಲ್ ಎಂಬ ಊರಿನ ಸ್ಮಾರಕದಲ್ಲಿ, ಗೋರಿ ಎಲ್ಲಿದೆ ಎಂದೇ ತಿಳಿಯದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಕೆತ್ತಿದೆ. ನಮ್ಮ ರಾಯದುರ್ಗ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು; 1953ರಲ್ಲಷ್ಟೇ ಆಂಧ್ರಕ್ಕೆ ಸೇರಿತು. ಪಕ್ಕದ ಮೈಸೂರು ಸೀಮೆಯಿಂದ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆಪಡೆ ಈಜಿಪ್ಟಿಗೂ ಪ್ಯಾಲೆಸ್ತೀನಿಗೂ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಹಿಡಿದಾಗ ಆ ಪಡೆಯ ಒಂದು ತುಕಡಿ ಕುದುರೆಯ ಮೇಲೆ ಏರಿದ್ದು ಕಾರ್ಮೆಲ್ ಬೆಟ್ಟವನ್ನು. ಜುಲೈ ತಿಂಗಳಲ್ಲಿ ನಾವು ಹಬ್ಬ ಮಾಡುವ ಕಾರ್ಮೆಲ್ ಮಾತೆಯ ಬೆಟ್ಟ ಅದೇ. ಆ ಪಡೆಯವರ ನೆನಪಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಒಂದು ಕಂಬ ನಿಂತಿದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗುತ್ತಾರೆ.

ಆ ಕಾಲದಲ್ಲಿ ಸೈನಿಕನ ದೇಹ ಮನೆಗೆ ಬರುತ್ತಿರಲಿಲ್ಲ. ಬಿದ್ದಲ್ಲೇ ಹೂಳುತ್ತಿದ್ದರು, ಇಲ್ಲವೇ ಸುಡುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೂ ಹೆಚ್ಚುಕಡಿಮೆ ಹಾಗೇ ನಡೆಯಿತು. ಜಾರ್ಖಂಡಿನ ಕ್ರೈಸ್ತ ಆದಿವಾಸಿ ಮನೆತನದ ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ 1971ರ ಡಿಸೆಂಬರಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನದ ಗಂಗಾಸಾಗರದಲ್ಲಿ ಹೋರಾಡಿ ಸತ್ತರು. ಪರಮವೀರ ಚಕ್ರ ಬಂತು, ರಾಂಚಿಯಲ್ಲಿ ಒಂದು ಚೌಕಕ್ಕೆ ಅವರ ಹೆಸರಾಯಿತು. ದೇಹ ಮಾತ್ರ ತ್ರಿಪುರಾದ ಅಗರ್ತಲಾ ಬಳಿಯ ಮಣ್ಣಿನಲ್ಲಿ ಉಳಿಯಿತು. ಅವರ ಪತ್ನಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕಾದ ಮೇಲೆ ಜಾರಿ ಎಂಬ ಅವರ ಹಳ್ಳಿಗೆ ಬಂದದ್ದು ಆ ಗೋರಿಯ ಒಂದಿಷ್ಟು ಮಣ್ಣು. ಪದಕ ಕೈಯಲ್ಲಿದ್ದರೂ ಆ ತಾಯಿ ಕೇಳುತ್ತಿದ್ದದ್ದು ಮಣ್ಣನ್ನು ಎಂಬುದನ್ನು ನೆನಪಿಟ್ಟುಕೊಳ್ಳೋಣ.

ಯೋಧರ ಪಾರ್ಥಿವ ಶರೀರವನ್ನು ಅವರವರ ಊರಿಗೇ ಕಳಿಸುವ ಪದ್ಧತಿ ಗಟ್ಟಿಯಾದದ್ದು 1999ರ ಕಾರ್ಗಿಲ್ ಯುದ್ಧದಿಂದ ಈಚೆಗೆ. ಅದರಿಂದಲೇ ನಾವೆಲ್ಲರೂ ಈ ಬೀಳ್ಕೊಡುಗೆಯನ್ನು ಕಣ್ಣಾರೆ ಕಾಣುವಂತಾಯಿತು.

ಕಳೆದ ಮೇ ತಿಂಗಳಲ್ಲಿ ಅದು ನಮ್ಮ ಬಾಗಿಲಿಗೇ ಬಂತು. ಮಡಕಶಿರಾದವರಿಗೆ ಗೋರಂಟ್ಲ ದೂರವೇನಲ್ಲ. ಆ ಗೋರಂಟ್ಲ ಮಂಡಲದ ಕಲ್ಲಿ ತಾಂಡಾದ ಅಗ್ನಿವೀರ ಮುರಳಿ ನಾಯಕ್, ತಂದೆತಾಯಿಗೆ ಒಬ್ಬನೇ ಮಗ, ಮೇ 9ರಂದು ಕಾಶ್ಮೀರದ ಗಡಿ ನಿಯಂತ್ರಣ ರೇಖೆಯಲ್ಲಿ ಪಾಕಿಸ್ತಾನದ ಗುಂಡಿನ ದಾಳಿಗೆ ಬಲಿಯಾದ. ಮಾರನೆಯ ದಿನ ಸಂಜೆ ಕದನ ವಿರಾಮವಾಯಿತು. ಒಂದು ದಿನ, ಒಂದೂವರೆ ದಿನ ಮುಂಚೆ ಆಗಿದ್ದರೆ ಎಂದು ಈ ಸೀಮೆಯಲ್ಲಿ ಲೆಕ್ಕ ಹಾಕದವರಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಅವನನ್ನು ತಂದರು. ಮೇ 11ರ ಭಾನುವಾರ ಸಕಲ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ. ಉಪಮುಖ್ಯಮಂತ್ರಿಗಳು ಬಂದರು, ಮಂತ್ರಿಗಳು ಬಂದರು. 50 ಲಕ್ಷ ರೂಪಾಯಿ, 5 ಎಕರೆ ಜಮೀನು ಘೋಷಣೆಯಾಯಿತು. ತಾಂಡಾದ ಮನೆಮಾತು ಲಂಬಾಣಿ, ಭಾಷಣ ತೆಲುಗು, ಸೇನೆಯ ಆಜ್ಞೆ ಹಿಂದಿ. ತೆಲುಗು ಧರ್ಮಪ್ರಾಂತ್ಯದಲ್ಲಿ ಕನ್ನಡದಲ್ಲಿ ಜಪಸರ ಹೇಳುವ ನಮಗೆ ಈ ಸ್ಥಿತಿ ಏನೆಂದು ಯಾರೂ ವಿವರಿಸಬೇಕಾಗಿಲ್ಲ.

ಸೈನ್ಯದ ಈ ವಿಧಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಅದರಲ್ಲಿ ಪ್ರತಿಯೊಂದಕ್ಕೂ ಅರ್ಥವಿದೆ. ಶವಪೆಟ್ಟಿಗೆಯ ಮೇಲೆ ತ್ರಿವರ್ಣ ಧ್ವಜ ಹೊದಿಸುತ್ತಾರೆ. ಕೇಸರಿ ಬಣ್ಣ ತಲೆಯ ಕಡೆ ಇರಬೇಕು. ಸಂಗಡಿಗರೇ ಹೆಗಲು ಕೊಡುತ್ತಾರೆ. ಹೂಗುಚ್ಛ ಇಟ್ಟ ಮೇಲೆ ಶೋಕ ಶಸ್ತ್ರ ಎಂಬ ಆಜ್ಞೆ: ಬಂದೂಕಿನ ನಳಿಗೆ ನೆಲಕ್ಕೆ ತಿರುಗುತ್ತದೆ, ಸೈನಿಕರ ತಲೆ ಬಾಗುತ್ತದೆ. ಬ್ಯೂಗಲ್ ಊದುತ್ತಾರೆ, ಪಾಳೆಯದಲ್ಲಿ ದಿನದ ಕೆಲಸ ಮುಗಿಯಿತು, ಇನ್ನು ಮಲಗಿ ಎಂದು ಸಾರುವ ಅದೇ ರಾಗ. ಮೂರು ಸುತ್ತು ಗುಂಡು ಗಾಳಿಗೆ ಹಾರುತ್ತದೆ. ಕೊನೆಗೆ ಧ್ವಜವನ್ನು ತೆಗೆದು, ಮಡಚಿ, ತಾಯಿಯ ಕೈಗೋ ಹೆಂಡತಿಯ ಕೈಗೋ ಕೊಡುತ್ತಾರೆ. ಧ್ವಜ ಗೋರಿಗೆ ಇಳಿಯಬಾರದು, ಚಿತೆಯಲ್ಲಿ ಸುಡಬಾರದು ಎಂದು ನಮ್ಮ ರಾಷ್ಟ್ರಧ್ವಜ ಸಂಹಿತೆಯೇ ಹೇಳುತ್ತದೆ.

ಇದು ಬರೀ ಆಡಂಬರ ಎಂದು ಮೂಗು ಮುರಿಯುವವರ ಜೊತೆ ನಾವಿಲ್ಲ. ಸತ್ತವರನ್ನು ಮರ್ಯಾದೆಯಿಂದ ಕಳಿಸುವುದು ಕರುಣೆಯ ಕಾರ್ಯಗಳಲ್ಲಿ ಒಂದು ಎಂದು ಧರ್ಮೋಪದೇಶದಲ್ಲಿ ಕಲಿತವರು ನಾವು. ತೊಬೀತನ ಗ್ರಂಥವನ್ನು ನೆನಪಿಸಿಕೊಳ್ಳಿ: ನಿನೆವೆ ಪಟ್ಟಣದಲ್ಲಿ ಸೆರೆಯಾಗಿದ್ದ ಆ ಮನುಷ್ಯ ತನ್ನ ಜನರ ಹೆಣಗಳನ್ನು ರಾಜನ ಕಣ್ಣು ತಪ್ಪಿಸಿ ಹೂಳುತ್ತಿದ್ದ. ಊಟಕ್ಕೆ ಕುಳಿತವನು ಎದ್ದು ಹೋಗಿ ಹೆಣ ತಂದ. ಪರದೇಶದಲ್ಲಿ ಸತ್ತವನಿಗೆ ಮಣ್ಣು ಸಿಗಬೇಕು ಎಂಬ ಆಸೆ ಬೈಬಲ್ಲಿನಷ್ಟೇ ಹಳೆಯದು.

ಆದರೂ ಧ್ವಜ ಗೋರಿಯ ಅಂಚಿನವರೆಗೆ ಬಂದು ಅಲ್ಲಿಂದ ಹಿಂದಿರುಗುತ್ತದೆ. ಇದು ತಪ್ಪಲ್ಲ, ದೇಶಕ್ಕೆ ಅಷ್ಟೇ ಸಾಧ್ಯ. ಮುಂದಿನದು ಯಾರ ಕೆಲಸ ಎಂಬುದೇ ಈ ತಿಂಗಳು ನಿಮ್ಮ ಮುಂದಿಡಬೇಕೆಂದಿರುವ ಪ್ರಶ್ನೆ.

ಆ ಮೇ 11 ಪಾಸ್ಖ ಕಾಲದ ನಾಲ್ಕನೆಯ ಭಾನುವಾರ, ಒಳ್ಳೆಯ ಕುರುಬನ ಭಾನುವಾರ. ನನ್ನ ಕುರಿಗಳನ್ನು ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಲಾರರು ಎಂಬ ಅರ್ಥದ ಯೇಸುಸ್ವಾಮಿಯ ಮಾತು ಅಂದಿನ ಶುಭಸಂದೇಶ. ಮೂರು ದಿನಗಳ ಹಿಂದಷ್ಟೇ ಆಯ್ಕೆಯಾಗಿದ್ದ ಪೋಪ್ ಹದಿನಾಲ್ಕನೇ ಲಿಯೋ ಅಂದು ರೋಮಿನಲ್ಲಿ ತಮ್ಮ ಮೊದಲ ಭಾನುವಾರದ ಪ್ರಾರ್ಥನೆ ನಡೆಸಿದರು. ಯುದ್ಧ ಇನ್ನು ಬೇಡ ಎಂದು ಬಲಿಷ್ಠ ರಾಷ್ಟ್ರಗಳನ್ನು ಬೇಡಿಕೊಂಡರು, ಭಾರತ ಪಾಕಿಸ್ತಾನಗಳ ನಡುವೆ ಕದನ ನಿಂತದ್ದಕ್ಕೆ ಸಂತೋಷ ಪಟ್ಟರು, ತಾಯಂದಿರ ದಿನವಾದ್ದರಿಂದ ಎಲ್ಲ ತಾಯಂದಿರಿಗೆ ಶುಭ ಕೋರಿದರು. ಅದೇ ದಿನ ಕಲ್ಲಿ ತಾಂಡಾದಲ್ಲಿ ಒಬ್ಬ ತಾಯಿ.

ಲೂಕನ ಶುಭಸಂದೇಶದ 7ನೇ ಅಧ್ಯಾಯ ತೆಗೆಯಿರಿ. ನಾಯಿನ್ ಎಂಬ ಊರು. ಹೆಬ್ಬಾಗಿಲಿನಿಂದ ಹೊರಗೆ ಒಂದು ಹೆಣ ಬರುತ್ತಿದೆ. ಅಲ್ಲೂ ಒಬ್ಬನೇ ಮಗ. ಅಲ್ಲೂ ಊರಿಗೆ ಊರೇ ಹಿಂದೆ ಬಂದಿದೆ. ಎದುರಿನಿಂದ ಯೇಸು, ಶಿಷ್ಯರು ಮತ್ತು ಇನ್ನೊಂದು ಜನಸಮೂಹ. ಎರಡು ಗುಂಪು ಹೆಬ್ಬಾಗಿಲಲ್ಲಿ ಎದುರಾದರೆ ಎಷ್ಟು ಗದ್ದಲ ಇರುತ್ತದೆಂದು ನಮಗೆ ಗೊತ್ತು. ಅಷ್ಟೂ ಜನರ ನಡುವೆ ಯೇಸು ಮೊದಲು ನೋಡಿದ್ದು ಹೆಣವನ್ನಲ್ಲ, ತಾಯಿಯನ್ನು. ಮೊದಲ ಮಾತು ಆಡಿದ್ದೂ ಅವಳಿಗೇ. ಆಮೇಲೆ ಚಟ್ಟವನ್ನು ಮುಟ್ಟಿದರು. ಯೆಹೂದ್ಯರ ನಿಯಮದಲ್ಲಿ ಅದು ಮೈಲಿಗೆ. ಹೊತ್ತವರು ನಿಂತುಬಿಟ್ಟರು. ಮಗನನ್ನು ಎಬ್ಬಿಸಿ ಏನು ಮಾಡಿದರು? ನನ್ನ ಹಿಂದೆ ಬಾ ಎನ್ನಲಿಲ್ಲ. ತಾಯಿಗೆ ಒಪ್ಪಿಸಿದರು ಎಂದು ಲೂಕ ಬರೆಯುತ್ತಾರೆ. ಅವಳ ಕೈಗೆ ಕೊಟ್ಟದ್ದು ಮಡಚಿದ ಬಟ್ಟೆಯನ್ನಲ್ಲ, ಮಗನನ್ನು.

ಮೆರವಣಿಗೆಯಲ್ಲಿ ಎಲ್ಲರ ಕ್ಯಾಮೆರಾ ಪೆಟ್ಟಿಗೆಯ ಮೇಲಿರುತ್ತದೆ. ನಮ್ಮ ಕಣ್ಣು ಎಲ್ಲಿರಬೇಕೆಂದು ನಾಯಿನ್ ಊರಿನ ಕಥೆ ತೋರಿಸುತ್ತದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ಯುವಕೂಟದ ಹುಡುಗರಲ್ಲಿ ಹಲವರು ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾರೆ, ಅಗ್ನಿವೀರ ಭರ್ತಿಗೆ ತಯಾರಿ. ಡಿಗ್ರಿ ಮುಗಿಸಿ ಕೆಲಸ ಸಿಗದವರು, ಇಂಟರ್ ಅರ್ಧಕ್ಕೆ ಬಿಟ್ಟು ಮತ್ತೆ ಕಟ್ಟಿದವರು. ಅವರನ್ನು ತಡೆಯುವ ಇರಾದೆ ನಮಗಿಲ್ಲ. ಸೈನಿಕರು ಬಂದು ನಾವೇನು ಮಾಡಬೇಕು ಎಂದು ಕೇಳಿದಾಗ ಸ್ನಾನಿಕ ಯೊವಾನ್ನರು ಕೆಲಸ ಬಿಡಿ ಎನ್ನಲಿಲ್ಲ. ಯಾರನ್ನೂ ಸುಲಿಯಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದಷ್ಟೇ ಹೇಳಿದರು. ತಮ್ಮ ಕರ್ತವ್ಯವನ್ನು ನ್ಯಾಯವಾಗಿ ನಡೆಸುವ ಸೈನಿಕರು ಶಾಂತಿಗೆ ನೆರವಾಗುತ್ತಾರೆ ಎಂದೇ ನಮ್ಮ ಧರ್ಮಸಭೆ ಬೋಧಿಸುತ್ತದೆ.

ನಮಗೆ ಕಳವಳ ತಂದದ್ದು ಬೇರೆ. ಮೇ ತಿಂಗಳಾದ ಮೇಲೆ ಹುಡುಗರ ಫೋನಿನಲ್ಲಿ ಆ ಮೆರವಣಿಗೆಯ ರೀಲುಗಳು ತುಂಬಿದವು. ಸತ್ತರೆ ಹೀಗೆ ಸಾಯಬೇಕು, ತ್ರಿವರ್ಣದಲ್ಲಿ ಮನೆಗೆ ಬರಬೇಕು ಎನ್ನುವ ಮಾತು ನಮ್ಮ ನಡುವೆಯೇ ಕೇಳಿತು. ಹದಿನೆಂಟು ಹತ್ತೊಂಬತ್ತರ ಹುಡುಗ ಅದನ್ನು ಹೇಳುವಾಗ ಪಕ್ಕದಲ್ಲಿ ಅವನ ಅಮ್ಮ ನಿಂತಿರುತ್ತಾರೆ ಎಂಬುದೂ ಅವನಿಗೆ ಕಾಣುವುದಿಲ್ಲ. ತಮ್ಮಂದಿರೇ, ಸೇನೆಗೆ ಸೇರಿ. ಪೆಟ್ಟಿಗೆಗೆ ಆಸೆಪಡಬೇಡಿ. ಯೇಸುಸ್ವಾಮಿ ಕೂಡ ಗೆತ್ಸೆಮನಿ ತೋಟದಲ್ಲಿ ಸಾವನ್ನು ಬಯಸಲಿಲ್ಲ. ಈ ಪಾತ್ರೆ ತಪ್ಪಲಿ ಎಂದು ಬೆವರು ರಕ್ತವಾಗುವಂತೆ ಬೇಡಿದರು. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿಯಿಲ್ಲ ಎಂಬ ಅವರ ಮಾತನ್ನು ಇಂಥ ಬೀಳ್ಕೊಡುಗೆಗಳಲ್ಲಿ ಆಗಾಗ ಹೇಳುತ್ತಾರೆ. ಆ ಮಾತು ಕೊಡುವವನ ಬಗ್ಗೆ ಇದೆ. ಗುಂಡು ಹಾರಿಸುವ ಕೈಗೆ ಅದನ್ನು ಪದಕದಂತೆ ಚುಚ್ಚಬಾರದು.

ಸೇರುವವರು ಲೆಕ್ಕವನ್ನೂ ತಿಳಿದು ಸೇರಿ. ಅಗ್ನಿವೀರನ ಸೇವೆ 4 ವರ್ಷ. ಕರ್ತವ್ಯದಲ್ಲಿ ಮಡಿದರೆ ಮನೆಗೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರಧನ ಇತ್ಯಾದಿ ಇದೆ. ಹಳೆಯ ಪದ್ಧತಿಯ ಯೋಧನ ಮನೆಗೆ ಸಿಗುವ ಕುಟುಂಬ ಪಿಂಚಣಿ ಇಲ್ಲ. ಇದನ್ನು ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕುಳಿತು ಮಾತಾಡಿ.

ಇನ್ನೊಂದು ಬಗೆಯ ಸಾವಿದೆ, ಅದಕ್ಕೆ ಬ್ಯೂಗಲ್ಲೂ ಇಲ್ಲ. ರಷ್ಯಾದಲ್ಲಿ ಸಹಾಯಕರ ಕೆಲಸ, ಒಳ್ಳೆಯ ಸಂಬಳ ಎಂದು ನಂಬಿಸಿ ಏಜೆಂಟರು ಕರೆದೊಯ್ದ ನಮ್ಮ ದೇಶದ ಹುಡುಗರು ಉಕ್ರೇನ್ ಯುದ್ಧದ ಮುಂಚೂಣಿಗೆ ತಳ್ಳಲ್ಪಟ್ಟರು. 2024ರಲ್ಲಿ ಸೂರತಿನ ಒಬ್ಬ, ಹೈದರಾಬಾದಿನ ಒಬ್ಬ ಅಲ್ಲಿ ಸತ್ತರು. ನಮ್ಮ ಕಲಬುರಗಿ ಕಡೆಯ ಹುಡುಗರೂ ಸಿಕ್ಕಿಕೊಂಡು, ಆ ವರ್ಷದ ಸೆಪ್ಟೆಂಬರಿನಲ್ಲಿ ಜೀವಸಹಿತ ಹಿಂದಿರುಗಿದರು. ತನ್ನದಲ್ಲದ ದೇಶದ ಸಮವಸ್ತ್ರದಲ್ಲಿ, ತನಗೆ ಸಂಬಂಧವಿಲ್ಲದ ಯುದ್ಧದಲ್ಲಿ ಸತ್ತವನ ಪೆಟ್ಟಿಗೆಯ ಮೇಲೆ ಯಾವ ಧ್ವಜ ಹೊದಿಸುವುದು? ಹೊರದೇಶದ ಕೆಲಸಕ್ಕೆಂದು ಯಾರಾದರೂ ಪಾಸ್‌ಪೋರ್ಟ್ ಕೇಳಿದರೆ, ದಯವಿಟ್ಟು ಮೊದಲು ಫಾದರ್ ಬಳಿಯಾಗಲಿ ನಮ್ಮ ಬಳಿಯಾಗಲಿ ಬಂದು ಮಾತಾಡಿ.

ಗೌರವವಿಲ್ಲದೆ ಹೋದವರು ಕಾಶ್ಮೀರದಲ್ಲೂ ಇದ್ದಾರೆ. ಮೇ 7ರಂದು ಪೂಂಛ್ ಪಟ್ಟಣದಲ್ಲಿ, ನಮ್ಮ ಕಾರ್ಮೆಲ್ ಸಭೆಯ ಗುರುಗಳು ನಡೆಸುವ ಕ್ರೈಸ್ಟ್ ಶಾಲೆಯ ಹಿಂದೆ ಒಂದು ಶೆಲ್ ಬಿತ್ತು. ಆ ಶಾಲೆಯ ಇಬ್ಬರು ಮಕ್ಕಳು ತೀರಿಕೊಂಡರು. ಕನ್ಯಾಸ್ತ್ರೀಯರ ಮಠಕ್ಕೂ ಇನ್ನೊಂದು ಶೆಲ್ ಬಡಿಯಿತು. ಗಡಿಯ ಆಚೆ ಬದಿಯಲ್ಲೂ ಯಾರದೋ ಮನೆಯ ಮಕ್ಕಳು ಸತ್ತಿರುತ್ತಾರೆ. ನಮ್ಮ ನವೆಂಬರ್ ಪ್ರಾರ್ಥನೆಗೆ ಗಡಿ ಎಳೆಯಲು ಆಗುತ್ತದೆಯೇ?

ಈ ಪ್ರಶ್ನೆಗೆ ಪವಿತ್ರ ಗ್ರಂಥದಲ್ಲಿ ಉತ್ತರವಿದೆ, ಅದೂ ಸೈನಿಕರ ಬಗ್ಗೆಯೇ. ಮಕ್ಕಬಿಯರ ಎರಡನೆಯ ಗ್ರಂಥ, 12ನೇ ಅಧ್ಯಾಯ. (ನಮ್ಮ ಪ್ರಾಟೆಸ್ಟೆಂಟ್ ಗೆಳೆಯರ ಬೈಬಲಿನಲ್ಲಿ ಇದು ಸಿಗುವುದಿಲ್ಲ, ಅವರ ಪ್ರತಿಯಲ್ಲಿ ಹುಡುಕಬೇಡಿ.) ಯುದ್ಧ ಮುಗಿದ ಮೇಲೆ ಯೂದ ಮಕ್ಕಬಿಯ ತನ್ನವರ ಹೆಣಗಳನ್ನು ತರಲು ಹೋಗುತ್ತಾನೆ, ಪೂರ್ವಜರ ಗೋರಿಗಳಲ್ಲಿ ಬಂಧುಗಳ ಜೊತೆ ಇಡಬೇಕೆಂದು. ಹೆಣ ಎತ್ತುವಾಗ ಒಂದು ವಿಷಯ ಹೊರಬೀಳುತ್ತದೆ. ಸತ್ತವರ ಅಂಗಿಯೊಳಗೆ ಯಮ್ನಿಯ ಊರಿನ ವಿಗ್ರಹಗಳ ತಾಯಿತಗಳಿದ್ದವು. ಧರ್ಮಕ್ಕಾಗಿ ಹೋರಾಡಿದ ವೀರರು ಒಳಗೊಳಗೆ ಧರ್ಮಶಾಸ್ತ್ರ ಮುರಿದಿದ್ದರು! ಮೆರವಣಿಗೆ ಮಾಡುವವರಾಗಿದ್ದರೆ ಅದನ್ನು ಮುಚ್ಚಿಡುತ್ತಿದ್ದರು. ಕಟುವಾದವರಾಗಿದ್ದರೆ ಹೆಣಗಳನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಯೂದ ಎರಡನ್ನೂ ಮಾಡಲಿಲ್ಲ. ಎಲ್ಲರೂ ಅವರ ಪಾಪಕ್ಷಮೆಗಾಗಿ ಬೇಡಿದರು. ಸೈನಿಕರಲ್ಲಿ ವಂತಿಗೆ ಎತ್ತಿ, 2,000 ಬೆಳ್ಳಿ ನಾಣ್ಯಗಳನ್ನು ಜೆರುಸಲೇಮಿಗೆ ಕಳಿಸಿ, ಪಾಪಪರಿಹಾರದ ಬಲಿ ಅರ್ಪಿಸುವಂತೆ ಮಾಡಿದರು. ಸತ್ತವರು ಏಳುತ್ತಾರೆ ಎಂಬ ನಂಬಿಕೆ ಇಲ್ಲದಿದ್ದರೆ ಅದು ವ್ಯರ್ಥ ಕೆಲಸವಾಗುತ್ತಿತ್ತು ಎಂದು ಗ್ರಂಥಕರ್ತ ಸೇರಿಸುತ್ತಾನೆ.

ಸೇನೆಯ ಬೀಳ್ಕೊಡುಗೆಗೂ ಧರ್ಮಸಭೆಯ ಬೀಳ್ಕೊಡುಗೆಗೂ ಇರುವ ವ್ಯತ್ಯಾಸ ನಮಗೆ ಇಲ್ಲಿ ಕಾಣುತ್ತದೆ. ಸೇನೆ ಅವನನ್ನು ವೀರನೆಂದು ಕಳಿಸುತ್ತದೆ, ಅದು ನಿಜವೂ ಹೌದು. ಧರ್ಮಸಭೆ ಅವನನ್ನು ಮನುಷ್ಯನೆಂದು ಕಳಿಸುತ್ತದೆ. ಹೆದರಿದ್ದವನು, ಅಮ್ಮನಿಗೆ ಸುಳ್ಳು ಹೇಳಿದ್ದವನು, ಯಾರ ಮೇಲೋ ಸಿಟ್ಟು ಉಳಿಸಿಕೊಂಡಿದ್ದವನು, ದೇವರ ಕರುಣೆ ಬೇಕಾದವನು, ನಮ್ಮ ನಿಮ್ಮ ಹಾಗೆ. ಅಮೆರಿಕದ ಕಥೋಲಿಕ ವಿಧಿಯಲ್ಲಿ ಯೋಧನ ಪೆಟ್ಟಿಗೆ ದೇವಾಲಯದ ಬಾಗಿಲಿಗೆ ಬಂದಾಗ ಧ್ವಜವನ್ನು ತೆಗೆದು ದೀಕ್ಷಾಸ್ನಾನದ ನೆನಪಿನ ಬಿಳಿ ವಸ್ತ್ರ ಹೊದಿಸುತ್ತಾರೆ. ಜನರಲ್ ಆದರೂ ಸಿಪಾಯಿಯಾದರೂ ಅದೇ ಬಿಳಿ ಬಟ್ಟೆ. ಮೂರು ಸುತ್ತು ಗುಂಡಿನ ಬಗ್ಗೆಯೂ ಒಂದು ಮಾತಿದೆ: ಹಿಂದೆ ಯೂರೋಪಿನಲ್ಲಿ ಹೆಣ ಎತ್ತಲು ಯುದ್ಧ ನಿಲ್ಲಿಸುತ್ತಿದ್ದರಂತೆ, ನಮ್ಮ ಕೆಲಸ ಮುಗಿಯಿತು, ಇನ್ನು ಮತ್ತೆ ಹೊಡೆದಾಡಬಹುದು ಎಂದು ತಿಳಿಸಲು ಮೂರು ಸಲ ಹಾರಿಸುತ್ತಿದ್ದರಂತೆ. ನಮ್ಮ ಬಲಿಪೂಜೆ ಮುಗಿಯುವುದು ಸಮಾಧಾನದಿಂದ ಹೋಗಿರಿ ಎನ್ನುವುದರಲ್ಲಿ.

ಮುರಳಿ ನಾಯಕ್ ನಮ್ಮ ಧರ್ಮದವನಲ್ಲವಲ್ಲ ಎಂದು ಒಬ್ಬ ಹಿರಿಯರು ಕೇಳಿದರು. ಬಲಿಪೂಜೆಯ ಪ್ರಾರ್ಥನೆಗಳನ್ನು ಗಮನಿಸಿ ಕೇಳಿ. ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಅಂಥ ಮೃತರನ್ನೂ ಧರ್ಮಸಭೆ ಅಲ್ಲಿ ನೆನೆಯುತ್ತದೆ. ಪೋಪ್ ಫ್ರಾನ್ಸಿಸ್ 2023ರ ನವೆಂಬರ್ 2ರಂದು ಬಲಿಪೂಜೆ ಅರ್ಪಿಸಿದ್ದು ರೋಮಿನ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ನಡುವೆ. ಕಲ್ಲುಗಳ ಮೇಲಿನ ವಯಸ್ಸುಗಳನ್ನು ಓದಿ, ಎಲ್ಲರೂ ಇಷ್ಟು ಚಿಕ್ಕವರೇ ಎಂದು ಅವರು ಮರುಗಿದರು. ಮತ ಯಾವುದೆಂದು ಕೇಳುತ್ತಾ ನಿಲ್ಲಲಿಲ್ಲ.

ಹಾಗಾಗಿ ರಾಯದುರ್ಗದಲ್ಲೂ ಮಡಕಶಿರಾದಲ್ಲೂ ಈ ನವೆಂಬರಿನಲ್ಲಿ ಪೀಠದ ಬಳಿ ಮೃತರ ಹೆಸರಿನ ಪುಸ್ತಕದ ಜೊತೆಗೆ ಇನ್ನೊಂದು ನೋಟ್‌ಬುಕ್ ಇಡುತ್ತಿದ್ದೇವೆ. ಅದರಲ್ಲಿ ಯುದ್ಧದಲ್ಲಿ ಸತ್ತವರ ಹೆಸರು ಬರೆಯಿರಿ. ನಿಮ್ಮ ಬಂಧುಗಳಿದ್ದರೆ ಸರಿ, ಪೇಪರಿನಲ್ಲಿ ಓದಿದವರಾದರೂ ಸರಿ, ಹೆಸರು ತಿಳಿಯದಿದ್ದರೆ ಊರಿನ ಹೆಸರಾದರೂ ಸಾಕು. ಭಾನುವಾರದ ಮೂರನೆಯ ಬಲಿಪೂಜೆಯಲ್ಲಿ ಇವುಗಳನ್ನು ಎರಡೂ ಭಾಷೆಯಲ್ಲಿ ಓದಲು ಫಾದರ್ ಒಪ್ಪಿದ್ದಾರೆ. ಬರುವ ಮೇ 9ಕ್ಕೆ ಒಂದು ವರ್ಷ. ಅಷ್ಟು ಹೊತ್ತಿಗೆ ಮಂತ್ರಿಗಳ ಕಾರುಗಳು ಆ ದಾರಿ ಮರೆತಿರಬಹುದು. ಆ ವಾರ ನಮ್ಮಲ್ಲಿ ನಾಲ್ಕೈದು ಜನ, ಬ್ಯಾನರ್ ಇಲ್ಲದೆ, ಫೋಟೋ ಇಲ್ಲದೆ, ತಾಂಡಾದ ಹಿರಿಯರನ್ನು ಮೊದಲೇ ಕೇಳಿಕೊಂಡು ಹೋಗಿ ಆ ಮನೆಯವರ ಜೊತೆ ಸ್ವಲ್ಪ ಹೊತ್ತು ಕುಳಿತು ಬರಬೇಕೆಂದಿದ್ದೇವೆ. ಬರುವ ಮನಸ್ಸಿರುವ ತಾಯಂದಿರು ಹೆಸರು ಕೊಡಿ. ನಮ್ಮಂಥ ಹುಡುಗ ಹುಡುಗಿಯರಿಗಿಂತ ನೀವು ಹೋಗುವುದು ಮೇಲು.

ನೋಟ್‌ಬುಕ್ ನವೆಂಬರ್ 30ರವರೆಗೆ ಅಲ್ಲೇ ಇರುತ್ತದೆ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಬರೆಯಬಹುದು. ಕಣ್ಣು ಮಂಜಾದ ಹಿರಿಯರು ಹೆಸರು ಹೇಳಿದರೆ ಯುವಕೂಟದ ಮಕ್ಕಳು ಬರೆದುಕೊಡುತ್ತಾರೆ.